ಬ್ಯಾಚುಗಳನ್ನು ಕಾಯ್ದ ಊರು

ಉಡುಪಿ, ಕಾಪು, ಕಾರ್ಕಳ ಕಡೆಯ ಸಭಾಭವನಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳ ತನಕ ಮದುವೆ, ಉಪನಯನ, ಷಷ್ಟ್ಯಬ್ದಿಗಳ ನಡುವೆ ಇನ್ನೊಂದು ಬಗೆಯ ಸಮಾರಂಭಕ್ಕೂ ದಿನ ಗೊತ್ತಾಗುತ್ತದೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಕಾಲೇಜಿನ ಹೆಸರು, ಅದರ ಕೆಳಗೆ ನಲವತ್ತೋ ಐವತ್ತೋ ವರ್ಷ ಹಿಂದಿನ ಒಂದು ಇಸವಿ, ‘ಸ್ನೇಹ ಸಮ್ಮಿಲನ’ ಅಥವಾ ‘ಗುರುವಂದನೆ’ ಎಂಬ ಒಕ್ಕಣೆ. ತಲೆ ನರೆತವರು ಪರಸ್ಪರ ಏಕವಚನಕ್ಕಿಳಿದು ಯಾರ ಮಗಳ ಮದುವೆ ಎಲ್ಲಿ ಆಯಿತು, ಯಾರಿಗೆ ಬೈಪಾಸ್ ಆಗಿದೆ, ಯಾರು ತೀರಿಕೊಂಡರು ಎಂದು ವಿಚಾರಿಸಿಕೊಳ್ಳುತ್ತಾರೆ. ಇದೆಲ್ಲ ವಾಟ್ಸಾಪ್ ತಂದ ಹೊಸ ಹವ್ಯಾಸ ಎಂದು ಹೇಳಿ ಮುಗಿಸುವವರು ಬಹಳ. ಈ ಭಾಗದ ಕಾಲೇಜುಗಳ ಮತ್ತು ವಲಸೆಯ ಚರಿತ್ರೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಮಾತು ಅರ್ಧ ಸತ್ಯವೆಂದು ತಿಳಿಯುತ್ತದೆ. ಸಹಪಾಠಿಗಳ ಸಂಬಂಧವನ್ನು ಮೂವತ್ತು ನಲವತ್ತು ವರ್ಷ ಕಾಯ್ದದ್ದು ಊರು. ಹಾಗೆ ಕಾಯ್ದಿಟ್ಟದ್ದನ್ನು ಫೋನು ಕೊನೆಗೆ ಬಂದು ಕೈಗೆತ್ತಿಕೊಂಡಿತು ಎಂಬುದೇ ಈ ಲೇಖನದ ವಾದ.

ಮೊದಲಿಗೆ, ‘ಬ್ಯಾಚ್’ ಎಂಬ ಬಳಗವೇ ಇಲ್ಲಿ ಬಹಳ ಹಳೆಯದಲ್ಲ. ಮಂಗಳೂರಿನಲ್ಲಿ 1868ರ ಸರಕಾರಿ ಕಾಲೇಜು, 1880ರ ಸಂತ ಅಲೋಶಿಯಸ್ ಇದ್ದರೂ ಉಡುಪಿ, ಕಾರ್ಕಳದ ಹುಡುಗನಿಗೆ ಹೈಸ್ಕೂಲಿನ ನಂತರದ ಓದು ಎಂದರೆ ಊರು ಬಿಡುವುದೆಂದೇ ಅರ್ಥ. ಆ ಸ್ಥಿತಿ ಇಪ್ಪತ್ತು ವರ್ಷಗಳೊಳಗೆ ಬದಲಾಯಿತು. ಡಾ. ಟಿ.ಎಂ.ಎ. ಪೈಯವರ ಮುಂದಾಳತನದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ (ಎಂ.ಜಿ.ಎಂ.) ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಅಲ್ಲೇ ಎಂಜಿನಿಯರಿಂಗ್ ಕಾಲೇಜು ಬಂದವು. 1960ರಲ್ಲಿ ಕಾರ್ಕಳಕ್ಕೆ ಶ್ರೀ ಭುವನೇಂದ್ರ ಕಾಲೇಜು, ಉಡುಪಿಗೆ ಅದಮಾರು ಮಠದ ಶ್ರೀ ವಿಬುಧೇಶತೀರ್ಥರ ಆಸ್ಥೆಯಿಂದ ಪೂರ್ಣಪ್ರಜ್ಞ ಕಾಲೇಜು, 1967ರಲ್ಲಿ ಕಲ್ಯಾಣಪುರಕ್ಕೆ ಮಿಲಾಗ್ರಿಸ್. ಕಾಪುವಿನ ಹುಡುಗರು ಹೆದ್ದಾರಿಯ ಬಸ್ಸು ಹಿಡಿದು ಉಡುಪಿಯಲ್ಲಿ ಓದಿ ಸಂಜೆ ಮನೆಗೆ ಮರಳುವುದು ಸಾಧ್ಯವಾಯಿತು. ಅಲ್ಲಿಯ ತನಕ ಇಲ್ಲಿನವರನ್ನು ಒಟ್ಟಿಗಿಡುತ್ತಿದ್ದುದು ಗುತ್ತು, ಕುಟುಂಬ, ಮಠ, ಇಗರ್ಜಿ, ಜಾತಿ. ಮುಂಬಯಿಗೆ ಹೋದವರೂ ಅದೇ ಕಟ್ಟನ್ನು ಒಯ್ದರು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು. ಕಾಲೇಜಿನ ತರಗತಿ ಮಾತ್ರ ಧಣಿಯ ಮನೆಯವನನ್ನೂ ಒಕ್ಕಲಿನ ಮಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಬಲ್ಲದಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದ ಮೇಲೆ ಆ ಬೆಂಚಿಗೆ ಬರುವವರ ದಾರಿ ಇನ್ನಷ್ಟು ಅಗಲವಾಯಿತು. ಹುಟ್ಟಿನಿಂದ ಬಾರದ, ಒಂದು ಇಸವಿಯಿಂದ ಬಂದ ನೆಂಟಸ್ತಿಕೆ ಈ ಕರಾವಳಿಗೆ ಹೊಸದು.

ಆದರೆ ಹೀಗೆ ಕೂಡಿದವರು ಬೇಗನೆ ಚದುರಿದರು. 1906ರ ಕಾರ್ಪೊರೇಶನ್ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು ಎರಡೂ ಉಡುಪಿಯಲ್ಲಿ ಹುಟ್ಟಿ ದೇಶವೆಲ್ಲ ಶಾಖೆ ತೆರೆದವು. 1969ರಲ್ಲಿ ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಶನ್ ರಾಷ್ಟ್ರೀಕರಣಗೊಂಡವು. ಪದವಿ ಮುಗಿಸಿದ ಸ್ಥಳೀಯ ತರುಣರಿಗೆ ಬ್ಯಾಂಕಿನ ನೌಕರಿ ಎಂದರೆ ಸಂಬಳದ ಜೊತೆಗೆ ವರ್ಗಾವಣೆ. ಇನ್ನುಳಿದವರನ್ನು ಮುಂಬಯಿಯ ಹೋಟೆಲು, ಕಚೇರಿಗಳು, ಎಪ್ಪತ್ತರ ದಶಕದ ನಂತರ ಕೊಲ್ಲಿ ದೇಶಗಳು ಸೆಳೆದವು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಸಂಪಾದನೆಗೆಂದು ಗಂಡಸರು ಹೊರಗೆ ಹೋಗುತ್ತಲೇ ಬಂದ ಜಿಲ್ಲೆ ಇದು ಎಂಬುದಕ್ಕೆ ಆ ಒಂದು ಅಂಕಿ ಸಾಕು. ಇಂಥಲ್ಲಿ ತರಗತಿಯ ಗೆಳೆತನ ಐದಾರು ವರ್ಷಕ್ಕೆ ಸವೆದು ಹೋಗಬೇಕಿತ್ತು. ಟ್ರಂಕ್ ಕಾಲ್ ದುಬಾರಿ. ಇನ್‌ಲ್ಯಾಂಡ್ ಪತ್ರ ಮನೆಗೆ ಬರೆಯುವುದಕ್ಕೇ ಸರಿಹೋಗುತ್ತಿತ್ತು. ಆದರೂ ಎಷ್ಟೋ ಬ್ಯಾಚುಗಳು ಪೂರ್ತಿ ಕಳೆದುಹೋಗಲಿಲ್ಲ. ಯಾಕೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಉತ್ತರ ಇಲ್ಲಿನ ಪಂಚಾಂಗದಲ್ಲಿದೆ. ಹೊರಗೆ ಹೋದವರು ವರ್ಷದಲ್ಲಿ ಯಾವಾಗಲೋ ಬಂದು ಹೋಗುವವರಲ್ಲ. ಒಂದೇ ಹೊತ್ತಿಗೆ ಬರುವವರು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯ ಉಡುಪಿಯವರನ್ನು ರಥಬೀದಿಗೆ ತರುತ್ತದೆ. ಅದೇ ತಿಂಗಳ ಕೊನೆಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ, ಬೇಸಿಗೆಯ ಮೊದಲಿಗೆ ಕಾಪುವಿನ ಸುಗ್ಗಿ ಮಾರಿಪೂಜೆ. ಹನ್ನೆರಡು ವರ್ಷಕ್ಕೊಮ್ಮೆ ಕಾರ್ಕಳದ ಗೊಮ್ಮಟನಿಗೆ ಮಸ್ತಕಾಭಿಷೇಕ. ಕುಟುಂಬದ ಮನೆಯ ಕೋಲ, ನೇಮ, ಮಗನ ಮದುವೆ ಎಲ್ಲವೂ ಮಳೆ ಹಿಡಿಯುವ ಮೊದಲು ಆಗಬೇಕು; ಮೇ ಕೊನೆಯ ಪತ್ತನಾಜೆ ಕಳೆದರೆ ದೈವಗಳ ಕೋಲವೂ ಇಲ್ಲ, ಯಕ್ಷಗಾನ ಮೇಳದ ತಿರುಗಾಟವೂ ಇಲ್ಲ. ಹೀಗಾಗಿ ಸೂರತ್ತಿನ ಶಾಖೆಯಲ್ಲಿದ್ದವನೂ ದುಬೈಯ ಕಂಪೆನಿಯಲ್ಲಿದ್ದವನೂ ಯಾವ ಮಾತುಕತೆಯೂ ಇಲ್ಲದೆ ಒಂದೇ ವಾರ ಒಂದೇ ಜಾತ್ರೆಯ ಗದ್ದೆಯಲ್ಲಿ ಎದುರಾಗಬಹುದಿತ್ತು. ನಗರದಿಂದ ನಗರಕ್ಕೆ ಹೋದ ವಲಸೆಗಾರರಿಗೆ ಸಿಗದ ಸೌಲಭ್ಯ ಇದು. ಅಲ್ಲಿ ಭೇಟಿಗೆ ಯಾರಾದರೂ ಏರ್ಪಾಟು ಮಾಡಬೇಕು. ಇಲ್ಲಿ ಏರ್ಪಾಟನ್ನು ದೇವರು, ದೈವ, ಮಳೆಗಾಲ ಸೇರಿ ಮಾಡಿಟ್ಟಿದ್ದವು.

ಇನ್ನೊಂದು ಆಸರೆ ಊರು ಬಿಡದೆ ಉಳಿದವರು. ಪ್ರತಿ ಬ್ಯಾಚಿನಲ್ಲೂ ಒಬ್ಬ ಮೇಷ್ಟ್ರು, ಒಬ್ಬ ವಕೀಲ, ಒಬ್ಬ ಎಲ್‌ಐಸಿ ಏಜೆಂಟ್, ಪೇಟೆಯಲ್ಲಿ ಅಂಗಡಿ ಇಟ್ಟ ಒಬ್ಬ ಇದ್ದೇ ಇರುತ್ತಾನೆ. ಊರಿಗೆ ಬಂದವನು ಆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಉಳಿದ ಮೂವತ್ತು ಜನರ ವರ್ತಮಾನ ಸಿಗುತ್ತಿತ್ತು. ಮದುವೆಯ ಆಮಂತ್ರಣ ಹಂಚುವಾಗ ವಿಳಾಸಗಳು ಕೈ ಬದಲಾಗುತ್ತಿದ್ದವು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಡತೊಡಗಿದ ಮೇಲೆ ಊರಿನ ನಿಧನ ವಾರ್ತೆ, ಶ್ರದ್ಧಾಂಜಲಿ, ಬಡ್ತಿ, ಸನ್ಮಾನದ ಸುದ್ದಿಗಳಿಗೆ ದಿನನಿತ್ಯದ ಒಂದು ಜಾಗವೂ ಸಿಕ್ಕಿತು. ಕಸ್ತೂರ್ಬಾ ಆಸ್ಪತ್ರೆಯ ಪಾತ್ರವನ್ನೂ ಮರೆಯಬಾರದು. ಜಿಲ್ಲೆಯಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಕೊನೆಗೆ ಮಣಿಪಾಲದ ಗುಡ್ಡ ಹತ್ತಿಸುವುದು ಇಲ್ಲಿನ ರೂಢಿ. ತಂದೆಯನ್ನೋ ತಾಯಿಯನ್ನೋ ನೋಡಿಕೊಳ್ಳಲು ಮುಂಬಯಿಯಿಂದ ಧಾವಿಸಿ ಬಂದವನಿಗೆ ಆ ಆಸ್ಪತ್ರೆಯ ಪಡಸಾಲೆಗಳಲ್ಲಿ ಹಳೆಯ ಗೆಳೆಯರು ಸಿಕ್ಕಿದ್ದು, ರಕ್ತಕ್ಕೆ, ಊಟಕ್ಕೆ, ರಾತ್ರಿ ಕೂರುವುದಕ್ಕೆ ನೆರವಾದದ್ದು ಇಲ್ಲಿ ಮನೆಮನೆಗೂ ಗೊತ್ತಿರುವ ಸಂಗತಿ.

ಮಣಿಪಾಲದ ಕಾಲೇಜುಗಳನ್ನೇ ತೋರಿಸಿ ಈ ವಾದವನ್ನು ಅಲ್ಲಗಳೆಯಬಹುದು. ಅಲ್ಲಿ ಓದಿದವರು ಪಂಜಾಬಿನವರು, ಕೇರಳದವರು, ಮಲೇಶಿಯಾದವರು. ಅವರಿಗೆ ಇಲ್ಲಿ ಕುಟುಂಬದ ಮನೆಯಿಲ್ಲ, ಮಾರಿಪೂಜೆಯಿಲ್ಲ. ಆದರೂ ಅವರ ಬ್ಯಾಚುಗಳು ಇಪ್ಪತ್ತೈದನೆಯ, ಐವತ್ತನೆಯ ವರ್ಷಕ್ಕೆ ಕೂಡಿಬರುತ್ತವೆ. ಊರಿಲ್ಲದೆಯೂ ನಂಟು ಉಳಿಯುತ್ತದೆ ಎಂದಾಯಿತಲ್ಲವೆ? ಉಳಿಯುತ್ತದೆ, ಆದರೆ ಬೇರೆ ಖರ್ಚಿನಲ್ಲಿ. ವೈದ್ಯಕೀಯದವರು ಐದಾರು ವರ್ಷ ಹಾಸ್ಟೆಲಿನಲ್ಲಿ ಒಟ್ಟಿಗೆ ಬದುಕಿದವರು. ಆಮೇಲೂ ಒಂದೇ ವೃತ್ತಿಯವರು, ರೋಗಿಗಳನ್ನು ಒಬ್ಬರಿಂದೊಬ್ಬರಿಗೆ ಕಳಿಸುವವರು, ಸಮ್ಮೇಳನಗಳಲ್ಲಿ ಸಿಗುವವರು. ಜೊತೆಗೆ ಹಳೆ ವಿದ್ಯಾರ್ಥಿಗಳಿಗೆಂದೇ ಸಂಸ್ಥೆಯ ಕಚೇರಿ ಇದೆ. ದಿನ ಗೊತ್ತುಮಾಡಿ, ಹೋಟೆಲು ಕಾದಿರಿಸಿ, ವಿಮಾನದಲ್ಲಿ ಬರುವ ಶಕ್ತಿಯೂ ಅವರಿಗಿದೆ. ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ಅವರಂಥ ಹಳೆ ವಿದ್ಯಾರ್ಥಿ ಇರುವ ಎಂಜಿನಿಯರಿಂಗ್ ಕಾಲೇಜಿಗೆ ಆ ಹೆಸರೇ ಒಂದು ಸೆಳೆತ. ಭುವನೇಂದ್ರದ ಬಿ.ಎ., ಎಂ.ಜಿ.ಎಂ.ನ ಬಿ.ಕಾಂ. ಬ್ಯಾಚುಗಳಿಗೆ ಒಂದೇ ವೃತ್ತಿಯೂ ಇರಲಿಲ್ಲ, ಹಾಸ್ಟೆಲಿನ ಬದುಕೂ ಬಹುಮಂದಿಗೆ ಇರಲಿಲ್ಲ. ಒಂದೇ ಜಿಲ್ಲೆಯ ಎರಡು ಬಗೆಯ ಕಾಲೇಜುಗಳಲ್ಲಿ ಒಂದು ಕಡೆ ವೃತ್ತಿ ಮತ್ತು ಸಂಸ್ಥೆ ಮಾಡಿದ ಕೆಲಸವನ್ನು ಇನ್ನೊಂದು ಕಡೆ ಊರೇ ಮಾಡಿತು. ಮಣಿಪಾಲದ ಉದಾಹರಣೆ ವಾದವನ್ನು ಮುರಿಯುವುದಿಲ್ಲ; ಊರು ಎಷ್ಟು ದೊಡ್ಡ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿತ್ತು ಎಂದು ಅಳೆದು ತೋರಿಸುತ್ತದೆ.

ಎರಡನೆಯ ಆಕ್ಷೇಪ ಫೋನಿನದೇ. 2004ರಲ್ಲಿ ಆರ್ಕುಟ್, 2009ರಲ್ಲಿ ವಾಟ್ಸಾಪ್ ಹುಟ್ಟುವ ಮೊದಲು ಎಷ್ಟೋ ಮಂದಿ ಮೂವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಇದ್ದರು ಎಂಬುದು ನಿಜ. ಆದರೆ ಗ್ರೂಪು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನೋಡಬೇಕು. ಮೊದಲ ಹತ್ತು ನಂಬರುಗಳು ಬರುವುದು ಊರಿನಲ್ಲೇ ಉಳಿದವನ ಕೈಯಿಂದ. ಉಳಿದವು ಅವನು ಯಾರ ತಮ್ಮನನ್ನೋ ಭಾವನನ್ನೋ ಕೇಳಿ ತಂದವು. ಊರಿನ ಈ ಗುರುತಿಲ್ಲದಿದ್ದರೆ, ಒಂದೇ ಹೆಸರಿನ ಹತ್ತಾರು ಶೆಟ್ಟರು, ಪೂಜಾರಿಗಳು, ಭಟ್ಟರು, ಡಿಸೋಜರ ನಡುವೆ ಯಂತ್ರ ಯಾರನ್ನೂ ಹುಡುಕಿಕೊಡಲಾರದು. ಕಟ್ಟಿದ ಮೇಲೂ ವರ್ಷಕ್ಕೊಮ್ಮೆಯಾದರೂ ಮುಖಾಮುಖಿ ಕೂಡದ ಗ್ರೂಪು ಶುಭೋದಯದ ಚಿತ್ರ, ರಾಜಕೀಯದ ಜಗಳಗಳಲ್ಲಿ ಮುಳುಗಿ ನಿಲ್ಲುತ್ತದೆ.

ಮೂರನೆಯ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ. ಊರು ಕಾಯ್ದದ್ದು ಯಾರನ್ನು? ಅಂಗಡಿಯ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯ ಗದ್ದೆಯಲ್ಲಿ ನಿಂತು ಮಾತಾಡಬಲ್ಲವರು ಗಂಡಸರು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನಗಳ ಹೆಣ್ಣುಮಕ್ಕಳು ಕುಟುಂಬದ ಮನೆಯ ಕೋಲಕ್ಕೆ ಬರುತ್ತಿದ್ದರು, ಆದರೆ ಬಂದದ್ದು ಮನೆಯವರಾಗಿ, ಸಹಪಾಠಿಗಳಾಗಿ ಅಲ್ಲ. ಮದುವೆಯಾಗಿ ಹೆಸರು, ವಿಳಾಸ ಎರಡೂ ಬದಲಾದ ಮೇಲೆ ಅವರನ್ನು ಹುಡುಕುವವರೂ ಕಡಿಮೆ. ಫೇಲಾದವರು, ಫೀಸು ಕಟ್ಟಲಾಗದೆ ನಡುವೆ ಬಿಟ್ಟವರು ಊರಿನಲ್ಲೇ ಇದ್ದರೂ ಸಂಕೋಚದಿಂದ ದೂರ ಉಳಿದರು. ಕೊನೆಯ ವರ್ಷದ ಗ್ರೂಪ್ ಫೋಟೋದಲ್ಲಿ ಇದ್ದವರೇ ಬ್ಯಾಚು ಎಂಬ ಲೆಕ್ಕ ನಿಂತುಬಿಟ್ಟಿತು. ಹೆಂಗಸರ ಮಟ್ಟಿಗೆ ಊರು ಮಾಡದ ಕೆಲಸವನ್ನು ಫೋನು ಮಾಡಿತು. ಸಂಜೆ ಹೊರಗೆ ನಿಲ್ಲಲಾಗದವರು ಅಡುಗೆಮನೆಯಿಂದಲೇ ತರಗತಿಗೆ ಮರಳಿದರು. ಇದನ್ನು ಒಪ್ಪಿಕೊಂಡರೆ ವಾದ ಕುಗ್ಗುವುದಿಲ್ಲ, ಅದರ ಎಲ್ಲೆ ಸ್ಪಷ್ಟವಾಗುತ್ತದೆ: ಊರು ಒಳ್ಳೆಯ ಕಾವಲುಗಾರ, ಆದರೆ ಪಕ್ಷಪಾತಿ.

ಈ ಕಾವಲುಗಾರನಿಗೂ ಈಗ ವಯಸ್ಸಾಗಿದೆ. ತಂದೆತಾಯಿ ತೀರಿದ ಮೇಲೆ ಮನೆಗಳು ಬೀಗ ಹಾಕಿಕೊಂಡಿವೆ. ಮಕ್ಕಳ ಮದುವೆ ಬೆಂಗಳೂರಿನ ಸಭಾಂಗಣಗಳಿಗೆ ಹೋಗಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋಗಿ, ಎಷ್ಟೋ ಬ್ಯಾಚುಗಳಿಗೆ ಅನ್ನ ಕೊಟ್ಟ ಹೆಸರುಗಳು ಬೋರ್ಡಿನಿಂದ ಇಳಿದವು. ಮುಂದಿನ ಬ್ಯಾಚುಗಳು ಪಂಚಾಂಗವನ್ನು ನಂಬಿ ಕೂರುವಂತಿಲ್ಲ. ಮಣಿಪಾಲದವರಂತೆ ಸಂಸ್ಥೆಯ ಆಸರೆ ಅವರಿಗೂ ಬೇಕು. ಆದ್ದರಿಂದ ಉಡುಪಿ, ಕಾರ್ಕಳದ ಕಾಲೇಜುಗಳು ತಮ್ಮ ಹಳೆಯ ಪ್ರವೇಶ ಪುಸ್ತಕಗಳನ್ನು ಜೋಪಾನ ಮಾಡಲಿ. ಹಳೆ ವಿದ್ಯಾರ್ಥಿಗಳು ತಮ್ಮಲ್ಲಿರುವ ಫೋಟೋ, ವಾರ್ಷಿಕ ಸಂಚಿಕೆ, ಪತ್ರಗಳನ್ನು ಫೋನಿನಲ್ಲಿ ಸುತ್ತಾಡಿಸುವುದರ ಜೊತೆಗೆ ಕಾಲೇಜಿನ ಗ್ರಂಥಾಲಯಕ್ಕೂ ಕೊಡಲಿ. ಮುಂದಿನ ಸಮ್ಮಿಲನಕ್ಕೆ ಹೆಸರು ಬರೆಯುವಾಗ ಫೋಟೋ ನೋಡಿ ಬರೆಯಬೇಡಿ; ಮೊದಲ ವರ್ಷದ ಹಾಜರಿ ಪಟ್ಟಿ ತೆಗೆದು, ನಡುವೆ ಬಿಟ್ಟುಹೋದವರಿಂದ ಶುರು ಮಾಡಿ.