ಯಾವ ಆಪರೇಟಿಂಗ್ ಸಿಸ್ಟಂ ಹೆಚ್ಚು ಸುರಕ್ಷಿತ?

ವಿಂಡೋಸ್, ಮ್ಯಾಕ್, ಲಿನಕ್ಸ್ – ಮೂರರಲ್ಲಿ ಯಾವುದೂ ಪೂರ್ತಿ ಸುರಕ್ಷಿತವಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಗೆ ಈಗಲೂ ಭದ್ರತಾ ಅಪ್‌ಡೇಟ್ ಬರುತ್ತಿದೆಯೇ ಎಂಬುದೇ ಮುಖ್ಯ.

ವಿಂಡೋಸ್: ಬಳಸುವವರು ಹೆಚ್ಚು, ಆದ್ದರಿಂದ ವೈರಸ್ ಬರೆಯುವವರ ಕಣ್ಣೂ ಇದರ ಮೇಲೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪರಿಹಾರ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮ್ಯಾಕ್: ಯಂತ್ರವೂ ಸಿಸ್ಟಂ ಕೂಡ ಆಪಲ್‌ನದ್ದೇ, ಹಾಗಾಗಿ ಹಿಡಿತ ಬಿಗಿ. ಆದರೂ 2012ರಲ್ಲಿ ಜಾವಾದ ದೋಷದ ಮೂಲಕ ಫ್ಲಾಶ್‌ಬ್ಯಾಕ್ ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ಹೊಕ್ಕಿತು.

ಲಿನಕ್ಸ್: ಪಾಸ್‌ವರ್ಡ್ ಕೊಡದೆ ಸಿಸ್ಟಂ ಬದಲಿಸಲಾಗದು, ತಂತ್ರಾಂಶಗಳು ಹೆಚ್ಚಾಗಿ ಅದರದೇ ಭಂಡಾರದಿಂದ ಬರುತ್ತವೆ. ಕೋಡನ್ನು ಯಾರೂ ನೋಡಬಹುದು. ಹಾಗಿದ್ದೂ 2014ರಲ್ಲಿ ಸಿಕ್ಕ ಶೆಲ್‌ಶಾಕ್ ದೋಷ ಸುಮಾರು 25 ವರ್ಷ ಅಡಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹೊಸತಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ಗ್ನು/ಲಿನಕ್ಸ್ ಬಳಕೆಯಲ್ಲಿದೆ.

ನಮ್ಮಲ್ಲಿ ಹಲವರು ಹಳೆಯ ವಿಂಡೋಸ್ ಬಿಡದಿರುವುದು ನುಡಿ, ಬರಹದಲ್ಲಿ ಟೈಪಿಸಿದ ಕಡತಗಳಿಗಾಗಿ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಯಾವ ಸಿಸ್ಟಂನಲ್ಲೂ ಓದಬಹುದು. ಅಲ್ಲಿಯವರೆಗೆ ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿ. ಬ್ಯಾಂಕ್ ವ್ಯವಹಾರವಂತೂ ಅದರಲ್ಲಿ ಬೇಡವೇ ಬೇಡ. ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.