ತಪ್ಪು ಕಾಗುಣಿತದಿಂದ ಹುಟ್ಟಿದ 'ಓಕೆ'

ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಬರುವ ಇಂಗ್ಲಿಷ್ ಪದ ಯಾವುದೆಂದು ಕೇಳಿದರೆ 'ಓಕೆ' ಎಂದು ಧಾರಾಳವಾಗಿ ಹೇಳಬಹುದು. ಬಸ್ಸಿನ ಕಂಡಕ್ಟರರಿಂದ ಹಿಡಿದು ಕಾಲೇಜಿನ ಪ್ರಾಂಶುಪಾಲರವರೆಗೆ ಎಲ್ಲರೂ ಇದನ್ನು ಬಳಸುತ್ತಾರೆ. ಆದರೆ 'ಎಲ್ಲವೂ ಸರಿ' ಎಂದು ಸಾರುವ ಈ ಪದದ ಎರಡು ಅಕ್ಷರಗಳಲ್ಲಿ ಒಂದೂ ಸರಿಯಾಗಿಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ತಮಾಷೆಗೆ ಹುಟ್ಟಿದ ಈ ಪದ ವ್ಯಾಕರಣದಲ್ಲಿ ಸ್ಥಾನ ಪಡೆದದ್ದು ಹೇಗೆ? ಇದರ ಮೂಲ ಕಂಡುಹಿಡಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು ಏಕೆ?

1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಗಳಿಗೆ ಒಂದು ಖಯಾಲಿ ಹತ್ತಿತ್ತು. ಪದಗಳನ್ನು ಬೇಕೆಂದೇ ತಪ್ಪಾಗಿ ಬರೆಯುವುದು, ಆಮೇಲೆ ಆ ತಪ್ಪು ರೂಪದ ಮೊದಲಕ್ಷರಗಳನ್ನು ಮಾತ್ರ ಅಚ್ಚು ಹಾಕಿ ಓದುಗರನ್ನು ನಗಿಸುವುದು. 'ಆಲ್ ರೈಟ್' ಎಂಬುದು ಹೀಗೆ 'ಓ.ಡಬ್ಲ್ಯೂ.' ಆಯಿತು. 1839ರ ಮಾರ್ಚ್ 23ರಂದು 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ಒಂದು ಹಾಸ್ಯ ಬರಹದಲ್ಲಿ 'ಓ.ಕೆ.' ಕಾಣಿಸಿಕೊಂಡಿತು. ಪಕ್ಕದಲ್ಲೇ ಅದರ ಅರ್ಥ 'ಆಲ್ ಕರೆಕ್ಟ್' ಎಂದೂ ಕೊಟ್ಟಿತ್ತು. ಸರಿಯಾದ ಕಾಗುಣಿತದಲ್ಲಿ ಅದು 'ಎ.ಸಿ.' ಆಗಬೇಕಿತ್ತು. 'ಓಲ್ ಕೊರೆಕ್ಟ್' ಎಂದು ಕೆಡಿಸಿದ್ದರಿಂದ 'ಓ.ಕೆ.' ಆಯಿತು. 'ಎಲ್ಲವೂ ಸರಿ' ಎಂಬುದನ್ನೇ ತಪ್ಪಾಗಿ ಬರೆಯುವುದರಲ್ಲಿ ಆ ಕಾಲದ ನಗೆಯಿತ್ತು.

ಅದರ ಜೊತೆಗಿದ್ದ ಇಂಥ ಬಹುಪಾಲು ರೂಪಗಳು ಕೆಲವೇ ವರ್ಷಗಳಲ್ಲಿ ಮರೆಯಾದವು. 'ಓ.ಕೆ.' ಉಳಿದುಕೊಳ್ಳಲು ರಾಜಕೀಯ ನೆರವಾಯಿತು. 1840ರ ಚುನಾವಣೆಯಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೊಮ್ಮೆ ಸ್ಪರ್ಧಿಸಿದ್ದರು. ಅವರ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. 'ಓಲ್ಡ್ ಕಿಂಡರ್‌ಹುಕ್' ಎಂಬ ಅವರ ಅಡ್ಡಹೆಸರಿನ ಮೊದಲಕ್ಷರಗಳೂ ಓ, ಕೆ ಆಗಿದ್ದರಿಂದ ಬೆಂಬಲಿಗರು 'ಓ.ಕೆ. ಕ್ಲಬ್' ಕಟ್ಟಿದರು. ವಿರೋಧಿಗಳು ಸುಮ್ಮನಿರಲಿಲ್ಲ. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರಿಗೆ ಕಾಗುಣಿತವೇ ಬಾರದು, ಕಾಗದಪತ್ರಗಳ ಮೇಲೆ 'ಓ.ಕೆ.' ಎಂದು ಬರೆಯುತ್ತಿದ್ದರು ಎಂಬ ಕಟ್ಟುಕತೆಯನ್ನು ಹಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು, ಪದ ಗೆದ್ದಿತು. ಮುಂದೆ ತಂತಿ ಕಚೇರಿಗಳ ನೌಕರರು ಸಂದೇಶ ಸರಿಯಾಗಿ ತಲುಪಿತೆಂದು ತಿಳಿಸಲು ಈ ಎರಡಕ್ಷರಗಳನ್ನೇ ಬಳಸಿದರು. 1969ರ ಜುಲೈ 20ರಂದು ಮಾನವ ಮೊದಲ ಬಾರಿಗೆ ಚಂದ್ರನ ಮೇಲೆ ಇಳಿದಾಗ, ನೌಕೆ ನೆಲ ಮುಟ್ಟಿದ ಕ್ಷಣದಲ್ಲಿ ಬಜ್ ಆಲ್ಡ್ರಿನ್ ಆಡಿದ ಮಾತುಗಳಲ್ಲೂ 'ಓಕೆ' ಇತ್ತು.

ಇನ್ನು ವ್ಯಾಕರಣದ ವಿಚಾರ. ಇಂಗ್ಲಿಷಿನಲ್ಲಿ ಈ ಪದ ಹಾಕದ ವೇಷವಿಲ್ಲ. ಮೇಲಧಿಕಾರಿಯ 'ಓಕೆ' ಸಿಕ್ಕಿತು ಎಂದಾಗ ಅದು ನಾಮಪದ. ಸಿನಿಮಾ 'ಓಕೆ' ಎಂದಾಗ ಗುಣವಾಚಕ. ಯಂತ್ರ 'ಓಕೆ' ನಡೆಯುತ್ತಿದೆ ಎಂದಾಗ ಕ್ರಿಯಾವಿಶೇಷಣ. ಅರ್ಜಿಗೆ ಒಪ್ಪಿಗೆ ಕೊಟ್ಟರು ಎನ್ನುವಲ್ಲಿ ಅದೇ ಕ್ರಿಯಾಪದ. 'ಓಕೆ, ಹೊರಡೋಣ' ಎಂದು ಮಾತು ತೊಡಗಿದಾಗ ಬರಿಯ ಅವ್ಯಯ. ಬರೆಯುವಾಗ ಒಂದು ಎಚ್ಚರಿಕೆ ಬೇಕು. ಎರಡು ದೊಡ್ಡಕ್ಷರಗಳಲ್ಲಿ ಬರೆದ ಕ್ರಿಯಾಪದವನ್ನು ಭೂತಕಾಲಕ್ಕೆ ತರುವಾಗ ಅಪಾಸ್ಟ್ರಫಿ ಹಾಕಿ 'ಡಿ' ಸೇರಿಸುವುದು ರೂಢಿ. ನಾಲ್ಕಕ್ಷರಗಳಲ್ಲಿ ಬಿಡಿಸಿ ಬರೆದರೆ ಎಂದಿನಂತೆ 'ಇಡಿ' ಸೇರುತ್ತದೆ. ಮಾತುಕತೆಯಲ್ಲಿ, ಗೆಳೆಯರ ಪತ್ರದಲ್ಲಿ ಈ ಪದ ಒಪ್ಪುತ್ತದೆ. ಉದ್ಯೋಗದ ಅರ್ಜಿಯಲ್ಲಾಗಲಿ ಪರೀಕ್ಷೆಯ ಪ್ರಬಂಧದಲ್ಲಾಗಲಿ ಒಪ್ಪುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: 'ಓಕೆ' ಎನ್ನುವುದು ಹೊಗಳಿಕೆಯಲ್ಲ. ಅಡುಗೆ 'ಓಕೆ' ಎಂದರೆ ತಿನ್ನಬಹುದು, ಅಷ್ಟೇ.

ನಮ್ಮ ಕನ್ನಡ ಈ ಪದವನ್ನು ತನ್ನ ನಿಯಮದಂತೆಯೇ ಬರಮಾಡಿಕೊಂಡಿದೆ. ಇಂಗ್ಲಿಷಿನಲ್ಲಿ ಅದು ಒಂಟಿಯಾಗಿಯೇ ಕ್ರಿಯಾಪದವಾಗುತ್ತದೆ. ಕನ್ನಡದಲ್ಲಿ 'ಓಕೆ ಮಾಡಿದರು', 'ಓಕೆ ಆಯಿತು' ಎಂದು ಮಾಡು, ಆಗು ಧಾತುಗಳ ಕೈ ಹಿಡಿಯಲೇಬೇಕು. ನಮ್ಮಲ್ಲಿ 'ಸರಿ' ಎಂಬ ಪದ ಮೊದಲೇ ಇತ್ತಲ್ಲ ಎಂದು ನೀವು ಕೇಳಬಹುದು. 'ಸರಿ, ಹೊರಡೋಣ' ಎಂಬಲ್ಲಿ ಎರಡೂ ಒಂದೇ. ಆದರೆ ಗಡಿಯಾರವನ್ನು ಸರಿಮಾಡುತ್ತೇವೆ, ರಜೆಯ ಅರ್ಜಿಯನ್ನು ಓಕೆ ಮಾಡುತ್ತೇವೆ. ಒಂದು ದುರಸ್ತಿ, ಇನ್ನೊಂದು ಒಪ್ಪಿಗೆ.

ಇಷ್ಟು ಪ್ರಸಿದ್ಧವಾದ ಪದದ ಮೂಲದ ಬಗೆಗೆ ಕತೆಗಳು ಹುಟ್ಟಿದ್ದು ಸಹಜ. ಗ್ರೀಕ್ ಭಾಷೆಯ 'ಓಲಾ ಕಲಾ' ಇದರ ಮೂಲ ಎಂದರು ಕೆಲವರು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಮಾತು ಎಂದರು ಇನ್ನು ಕೆಲವರು. 1913ರಿಂದ 1921ರವರೆಗೆ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಈ ಎರಡನೆಯ ವಾದವನ್ನು ನಂಬಿ 'ಓಕೆಹ್' ಎಂದೇ ಬರೆಯುತ್ತಿದ್ದರು. ಸ್ವತಃ ಪ್ರಾಧ್ಯಾಪಕರಾಗಿದ್ದ ಅವರಂಥವರೂ ಕೇಳಲು ಚೆನ್ನಾಗಿದ್ದ ಕತೆಯನ್ನು ಒಪ್ಪಿಬಿಟ್ಟಿದ್ದರು.

ಕೊಲಂಬಿಯಾ ವಿಶ್ವವಿದ್ಯಾಲಯದ ಆಲೆನ್ ವಾಕರ್ ರೀಡ್ ಬೇರೆ ದಾರಿ ಹಿಡಿದರು. ಹಳೆಯ ಪತ್ರಿಕೆಗಳನ್ನು ತಾಳ್ಮೆಯಿಂದ ಓದಿದರು. 1941ರಲ್ಲಿ 'ಓ.ಕೆ. ಕ್ಲಬ್ಬಿ'ನ ಸಂಗತಿಯನ್ನು ಪ್ರಕಟಿಸಿದರು. ಅಲ್ಲಿಗೇ ನಿಲ್ಲದೆ ಹುಡುಕುತ್ತ ಹೋಗಿ, 1963 ಮತ್ತು 1964ರಲ್ಲಿ 'ಅಮೆರಿಕನ್ ಸ್ಪೀಚ್' ಪತ್ರಿಕೆಯಲ್ಲಿ ಬರೆದ ಲೇಖನಗಳಲ್ಲಿ 1839ರ ಬಾಸ್ಟನ್ ಬರಹವನ್ನೂ ಅಂದಿನ ತಪ್ಪು ಕಾಗುಣಿತದ ಹುಚ್ಚನ್ನೂ ಆಧಾರಸಹಿತ ತೋರಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಪದದ ಅರ್ಥದೊಡನೆ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಕೊಡುವುದೂ ಇಂಥ ಆಧಾರಕ್ಕಾಗಿಯೇ.

ಆದ್ದರಿಂದ ಯಾರಾದರೂ ಒಂದು ಪದದ ಇಲ್ಲವೇ ಒಂದು ಊರಿನ ಹೆಸರಿನ ಹಿಂದಿನ ಕತೆಯನ್ನು ಸೊಗಸಾಗಿ ಹೇಳಿದರೆ ಸಂತೋಷದಿಂದ ಕೇಳಿ. ಆಮೇಲೆ ಎರಡು ಪ್ರಶ್ನೆ ಹಾಕಿ: ಇದು ಮೊದಲು ಬರಹದಲ್ಲಿ ಕಂಡದ್ದು ಎಲ್ಲಿ? ಯಾವ ವರ್ಷ? ಉತ್ತರ ಸಿಕ್ಕಿದ ಮೇಲೆ ಅದನ್ನು ಓಕೆ ಮಾಡಿದರೆ ಸಾಕು.