ದೂರದ ಪ್ರದೇಶಗಳಲ್ಲಿ ತುರ್ತು ಸಹಾಯಕ್ಕಾಗಿ ಮೊಬೈಲ್ ಫೋನ್ ಬಳಕೆ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಗುಡ್ಡದ ಅಂಚಿನ ಹೊಲಗಳಲ್ಲಿ ಹಾಗೂ ತುಂಗಭದ್ರಾ ನದಿ ದಂಡೆಯ ಜಮೀನುಗಳಲ್ಲಿ ಹಾವು ಕಡಿತ, ಬೆಂಕಿ, ಸಿಡಿಲು ಅಥವಾ ಅಪಘಾತ ಸಂಭವಿಸಿದಲ್ಲಿ ಸಕಾಲಿಕ ಕರೆಯಿಂದ ಜೀವ ಉಳಿಯಬಹುದಾಗಿದೆ.

ಕರೆ ಮಾಡಬೇಕಾದ ಉಚಿತ ಸಂಖ್ಯೆಗಳು

112 – ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆ
108 – ಆಂಬುಲೆನ್ಸ್ (2008ರಲ್ಲಿ ಆರಂಭವಾದ ಆರೋಗ್ಯ ಕವಚ ಯೋಜನೆ)
1077 – ಜಿಲ್ಲಾ ವಿಪತ್ತು ನಿರ್ವಹಣೆ
1912 – ವಿದ್ಯುತ್ ತಂತಿ ಹರಿದು ಬಿದ್ದಲ್ಲಿ (ಹೆಸ್ಕಾಂ)

ಸ್ಥಳವನ್ನು ತಿಳಿಸುವ ಕ್ರಮ

112ಕ್ಕೆ ಮಾಡಿದ ಕರೆಯನ್ನು ಬೆಂಗಳೂರಿನಲ್ಲಿರುವ ರಾಜ್ಯ ನಿಯಂತ್ರಣ ಕೊಠಡಿಯಲ್ಲಿ ಸ್ವೀಕರಿಸಿ, ವಿವರವನ್ನು ಸಂಬಂಧಪಟ್ಟ ಜಿಲ್ಲೆಗೆ ರವಾನಿಸಲಾಗುತ್ತದೆ. ಕರೆ ಸ್ವೀಕರಿಸುವವರಿಗೆ ಸ್ಥಳೀಯ ಪರಿಚಯ ಇರಲಾರದು. ಆದ್ದರಿಂದ "ಗುಡ್ಡದ ಹತ್ತಿರ" ಎಂದಷ್ಟೇ ಹೇಳಿದರೆ ಸಾಲದು. ಕೆಳಕಂಡ ವಿವರಗಳನ್ನು ಈ ಕ್ರಮದಲ್ಲಿಯೇ ನೀಡತಕ್ಕದ್ದು:

1. ಜಿಲ್ಲೆ, ತಾಲ್ಲೂಕು ಮತ್ತು ಗ್ರಾಮದ ಹೆಸರು. ಒಂದೇ ಹೆಸರಿನ ಗ್ರಾಮಗಳು ಬೇರೆಡೆಯೂ ಇರುವುದರಿಂದ ತಾಲ್ಲೂಕನ್ನು ಬಿಡಬಾರದು.
2. ಗ್ರಾಮದಿಂದ ಯಾವ ಊರಿನ ರಸ್ತೆಯಲ್ಲಿ, ಎಷ್ಟು ದೂರ ಎಂಬುದು.
3. ಹತ್ತಿರದ ಗುಡಿ, ಕೆರೆ, ಕಾಲುವೆ ಅಥವಾ ಗಾಳಿಯಂತ್ರದ ಕಂಬದ ಮೇಲಿನ ಸಂಖ್ಯೆ.
4. ಘಟನೆಯ ಸ್ವರೂಪ ಮತ್ತು ತೊಂದರೆಗೊಳಗಾದವರ ಸಂಖ್ಯೆ.

ಸಿಬ್ಬಂದಿಯು ಅದೇ ಸಂಖ್ಯೆಗೆ ಮರಳಿ ಕರೆ ಮಾಡುವ ಸಂಭವವಿರುವುದರಿಂದ ಫೋನನ್ನು ಬೇರೆ ಕರೆಗಳಿಗೆ ಬಳಸಬಾರದು. ವಾಹನಕ್ಕೆ ದಾರಿ ತೋರಿಸಲು ಒಬ್ಬರನ್ನು ಮುಖ್ಯ ರಸ್ತೆಗೆ ಕಳುಹಿಸುವುದು.

ಸಿಗ್ನಲ್ ದೊರೆಯದಿದ್ದಲ್ಲಿ

ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದಲ್ಲಿ 112ಕ್ಕೆ ಕರೆ ಹೋಗುತ್ತದೆ. ಆದುದರಿಂದ ಮೊದಲು 112ಕ್ಕೆ ಪ್ರಯತ್ನಿಸತಕ್ಕದ್ದು. ಯಾವ ಸಿಗ್ನಲ್ ಕೂಡ ಇಲ್ಲದಿದ್ದಲ್ಲಿ ತಗ್ಗು ಪ್ರದೇಶದಿಂದ ಎತ್ತರದ ಬಯಲಿಗೆ ಬಂದು ಪ್ರಯತ್ನಿಸಬೇಕು. ಆದರೆ ಸಿಡಿಲಿನ ಸಮಯದಲ್ಲಿ ಎತ್ತರದ ಸ್ಥಳಕ್ಕೆ ಹೋಗಬಾರದು. ಮರದ ಕೆಳಗೂ ನಿಲ್ಲಬಾರದು. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದು ತಪ್ಪು ಕಲ್ಪನೆಯಾಗಿದ್ದು, ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತ್ರ ಮಾತನಾಡಬಾರದು.

ಹಾವು ಕಡಿದಾಗ

ಕಡಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಅಪಾಯಕಾರಿ. ರೋಗಿಯನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡತಕ್ಕದ್ದು.

ಮುಂಜಾಗ್ರತೆ

ಹೊಲಕ್ಕೆ ಹೊರಡುವ ಮುನ್ನ ಬ್ಯಾಟರಿ ತುಂಬಿಸಿಕೊಳ್ಳುವುದು. ಹೋಗುವ ಸ್ಥಳ ಹಾಗೂ ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸುವುದು. ಮಕ್ಕಳು ಹಾಗೂ ವೃದ್ಧರಿಗೂ ಮೇಲಿನ ಸಂಖ್ಯೆಗಳನ್ನು ತಿಳಿಸಿಕೊಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.